ಮೂರ್ನಾಡಿಗೊಂದು ಟಿಕೆಟ್: ಗಾಂಜಾ ಉಗ್ಗು ಬಿಡಿಸುತ್ತದೆಯೇ?

ಮಡಿಕೇರಿಯಿಂದ ವಿರಾಜಪೇಟೆಗೆ ಹೊರಟ ಬಸ್ಸು ಮೇಕೇರಿ, ಹಾಕತ್ತೂರು ದಾಟಿ ಮೂರ್ನಾಡಿಗೆ ಬರುತ್ತದೆ. ಮುಂದೆ ಬೇತ್ರಿಯಲ್ಲಿ ಕಾವೇರಿಯ ಸೇತುವೆ, ಅದರಾಚೆ ವಿರಾಜಪೇಟೆ. ಉಗ್ಗು ಇರುವವರಿಗೆ ಈ ದಾರಿಯ ಲೆಕ್ಕವೇ ಬೇರೆ. ಕಂಡಕ್ಟರ್ ಎರಡು ಸೀಟು ಹಿಂದಿರುವಾಗಲೇ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. 'ಎಲ್ಲಿಗೆ?' ಎಂದು ಕೇಳಿದ ಕ್ಷಣಕ್ಕೆ ಎರಡೂ ತುಟಿ ಅಂಟಿಕೊಳ್ಳುತ್ತವೆ. 'ಮೂ' ಎನ್ನಲು ಬಾಯಿ ಸಿದ್ಧವಾಗಿದೆ, ದನಿ ಹೊರಡುವುದಿಲ್ಲ. ಹಿಂದಿನ ಸೀಟಿನವರು ಕತ್ತೆತ್ತಿ ನೋಡುತ್ತಾರೆ. ಕೊನೆಗೆ ಸುಲಭವಾಗಿ ಬಾಯಿಗೆ ಬರುವ 'ವಿರಾಜಪೇಟೆ' ಎಂದುಬಿಟ್ಟು, ಹೆಚ್ಚಿನ ದುಡ್ಡು ಕೊಟ್ಟು, ಮೂರ್ನಾಡಿನಲ್ಲೇ ಇಳಿದು ಹೋಗುವುದು. ಬಾರದ ಊರಿನ ಹೆಸರು ಬಿಟ್ಟು ಬರುವ ಊರಿಗೆ ಟಿಕೆಟ್ ಕೊಳ್ಳುವ ಈ ಉಪಾಯ ಮಾತಿನ ಚಿಕಿತ್ಸಕರಿಗೆಲ್ಲ ಗೊತ್ತಿರುವಂಥದ್ದು. ಉಗ್ಗು ಇರುವವರು ಜಗತ್ತಿನ ಎಲ್ಲ ಭಾಷೆಗಳಲ್ಲೂ ಹೀಗೆ ಮಾಡುತ್ತಾರೆ.

ಬೇರೆ ಪದಗಳಾದರೆ ತಪ್ಪಿಸಿಕೊಳ್ಳಬಹುದು. 'ಮಧ್ಯಾಹ್ನ' ಬಾರದಿದ್ದರೆ 'ಊಟದ ಹೊತ್ತು' ಎನ್ನಬಹುದು, 'ಮಂಗಳವಾರ' ಸಿಕ್ಕಿಹಾಕಿಕೊಂಡರೆ 'ನಾಳೆ' ಎಂದು ದಾಟಬಹುದು. ಸ್ವಂತ ಹೆಸರಿಗೂ ಊರಿನ ಹೆಸರಿಗೂ ಬದಲಿ ಪದವಿಲ್ಲ. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಮದುವೆ ಮನೆಯಿರಲಿ, ಹಾಕಿ ಮೈದಾನವಿರಲಿ, ಹೊಸಬರನ್ನು ಕಂಡವರು ಮೊದಲು ಕೇಳುವುದು 'ಯಾವ ಮನೆ?' ಎಂದು. ಕೊಡವರಲ್ಲಿ ಮನೆ ಹೆಸರು ವ್ಯಕ್ತಿಯ ಹೆಸರಿಗಿಂತ ಮುಂಚೆ ಬರುತ್ತದೆ. ಉಗ್ಗು ಇರುವ ಹುಡುಗನಿಗೆ ಆ ಪ್ರಶ್ನೆಯೊಂದು ಬಂಡೆ. ಉತ್ತರ ಗೊತ್ತಿದೆ, ಅಜ್ಜ ಮುತ್ತಜ್ಜರ ಕಾಲದಿಂದ ಗೊತ್ತಿದೆ, ಬಾಯಿಗೆ ಬರುವುದಿಲ್ಲ.

ಇಂಥ ಹುಡುಗ ಕಾಲೇಜಿಗೆ ಹೋಗುವ ವಯಸ್ಸಿಗೆ ಬಂದಾಗ ಒಂದಲ್ಲ ಒಂದು ದಿನ ಯಾರೋ ಗೆಳೆಯ ಹೇಳುವ ಮಾತಿದೆ. 'ಒಂದು ದಮ್ ಎಳೆದು ನೋಡು, ಮಾತು ನೀರಿನ ಹಾಗೆ ಹರಿಯುತ್ತದೆ.' ಕೆಲವರು ಇದನ್ನೇ ಮದ್ಯದ ಬಗ್ಗೆ ಹೇಳುತ್ತಾರೆ, ಕೆಲವರು ಗಾಂಜಾದ ಬಗ್ಗೆ. ಮದ್ಯದ ಮಾತು ಹಳೆಯದು. ಗಾಂಜಾದ ಮಾತಿಗೆ ಈಗ ಹೊಸ ಬಲ ಬಂದಿದೆ. ಕೆನಡಾದಲ್ಲಿ ಕಾನೂನು ಬದಲಾಯಿತಂತೆ, ಅಮೆರಿಕದಲ್ಲಿ ಅದೇ ಔಷಧವಂತೆ ಎಂಬ ಸುದ್ದಿಗಳು ಮೊಬೈಲಿನಲ್ಲಿ ಬಂದು ಬೀಳುತ್ತವೆ. ಆ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ಗಂಭೀರವಾಗಿಯೇ ನೋಡಬೇಕು. ಏಕೆಂದರೆ ಅದನ್ನು ನಂಬುವವನು ಮೋಜಿಗೆ ನಂಬುವುದಿಲ್ಲ, ನೋವಿನಿಂದ ನಂಬುತ್ತಾನೆ.

ಮೊದಲು ಉಗ್ಗು ಎಂದರೇನು ಎಂಬುದು. ಎರಡು ವರ್ಷದಿಂದ ಐದು ವರ್ಷದೊಳಗೆ, ಮಗು ಪದಗಳನ್ನು ಜೋಡಿಸಿ ವಾಕ್ಯ ಮಾಡಲು ಕಲಿಯುವ ಹೊತ್ತಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ. 'ಅ-ಅ-ಅಮ್ಮ' ಎಂದು ಅಕ್ಷರ ಮರುಕಳಿಸಬಹುದು, 'ಸ್‌ಸ್‌ಸ್‌ಸಕ್ಕರೆ' ಎಂದು ಎಳೆಯಬಹುದು, ಅಥವಾ ಬಾಯಿ ತೆರೆದೇ ಇದ್ದು ದನಿ ಪೂರ್ತಿ ಕಟ್ಟಿಹೋಗಬಹುದು. ನೂರು ಮಕ್ಕಳಲ್ಲಿ ಐದರಿಂದ ಎಂಟು ಮಕ್ಕಳಿಗೆ ಯಾವಾಗಲೋ ಒಮ್ಮೆ ಉಗ್ಗು ಬರುತ್ತದೆ. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಕ್ಕಳಿಗೆ ಅದು ತಾನಾಗಿ ಬಿಟ್ಟುಹೋಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಒಬ್ಬರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ಜಗತ್ತಿನ ಸರಾಸರಿಯನ್ನೇ ಇಟ್ಟುಕೊಂಡರೂ ಈ ಪುಟ್ಟ ಜಿಲ್ಲೆಯಲ್ಲಿ ಐದು ಸಾವಿರದಷ್ಟು ಮಂದಿ ಹೀಗೆ ಕಂಡಕ್ಟರಿನ ಪ್ರಶ್ನೆಗೆ ಹೆದರುತ್ತಿರಬೇಕು.

ಹೆದರಿಕೆಯಿಂದ ಉಗ್ಗು ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬಾಲ್ಯದಲ್ಲಿ ನಾಯಿ ಓಡಿಸಿಕೊಂಡು ಬಂದಿತ್ತು, ಮೇಷ್ಟ್ರು ಗದರಿಸಿದ್ದರು, ಮನೆಯಲ್ಲೊಂದು ಭಾಷೆ ಹೊರಗೊಂದು ಭಾಷೆ ಆಡಿಸಿದ್ದರಿಂದ ನಾಲಿಗೆ ಗೊಂದಲಗೊಂಡಿತು ಎಂಬ ವಿವರಣೆಗಳು ಮನೆಮನೆಯಲ್ಲಿವೆ. ಇವುಗಳಲ್ಲಿ ಯಾವುದೂ ಮೂಲ ಕಾರಣವಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಒಟ್ಟಿಗೇ ಕೇಳುತ್ತ ಬೆಳೆಯುವ ಮೂರ್ನಾಡಿನ ಮಗುವಿಗೆ ಬಹುಭಾಷೆಯ ಕಾರಣಕ್ಕೇ ಉಗ್ಗು ಬರುವುದಿಲ್ಲ. ಉಗ್ಗು ವಂಶದಲ್ಲಿ ಹರಿದುಬರುತ್ತದೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೆನಿಸ್ ಡ್ರೇನಾ ಮತ್ತು ಸಂಗಡಿಗರು, ಪಾಕಿಸ್ತಾನದ ಕುಟುಂಬಗಳನ್ನು ಅಧ್ಯಯನ ಮಾಡಿ ಉಗ್ಗಿಗೆ ಸಂಬಂಧಿಸಿದ ಜೀನುಗಳನ್ನು ಮೊದಲ ಬಾರಿಗೆ ಗುರುತಿಸಿದರು. ಮಿದುಳಿನ ಚಿತ್ರಗಳು ಇನ್ನೊಂದು ವಿಷಯ ಹೇಳುತ್ತವೆ. ಮಾತಿನ ಯೋಜನೆ ಮಾಡುವ ಎಡಭಾಗದ ನರತಂತುಗಳಲ್ಲೂ, ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪಿನ ಕೆಲಸದಲ್ಲೂ ಉಗ್ಗುವವರಿಗೆ ಸಣ್ಣ ವ್ಯತ್ಯಾಸಗಳಿರುತ್ತವೆ. ಒಂದು ಅಕ್ಷರ ಮುಗಿದು ಮುಂದಿನದು ಯಾವಾಗ ಹೊರಡಬೇಕು ಎಂಬ ಸೂಚನೆ ಕೊಡುವುದರಲ್ಲಿ ಈ ಬೇಸಲ್ ಗ್ಯಾಂಗ್ಲಿಯಾದ ಪಾತ್ರ ದೊಡ್ಡದು. ಆ ಸೂಚನೆ ಒಂದು ಚಿಟಿಕೆಯಷ್ಟು ತಡವಾದರೆ 'ಮೂ' ತುಟಿಯಲ್ಲೇ ನಿಲ್ಲುತ್ತದೆ.

ಹೆದರಿಕೆ ಬರುವುದು ಇದಾದ ಮೇಲೆ. ಸಾವಿರ ಸಲ ಸಿಕ್ಕಿಕೊಂಡ ಮೇಲೆ, ಸಾವಿರ ಸಲ ನಗು ಕೇಳಿಸಿಕೊಂಡ ಮೇಲೆ ಹೆದರಿಕೆ ಬೇರೂರುತ್ತದೆ. ಹೆದರಿಕೆ ಉಗ್ಗನ್ನು ಹೆಚ್ಚಿಸುತ್ತದೆ ನಿಜ, ಆದರೆ ಹುಟ್ಟಿಸುವುದಿಲ್ಲ. ಗಾಂಜಾದ ಇಡೀ ಕಥೆ ಈ ವ್ಯತ್ಯಾಸದ ಮೇಲೆ ನಿಂತಿದೆ.

ನಮ್ಮ ನಾಡಿಗೆ ಗಾಂಜಾ ಹೊಸದಲ್ಲ. ಬಂಗಿ ಸೊಪ್ಪು ಎಂಬ ಹೆಸರು ಕನ್ನಡದಲ್ಲಿ ಹಳೆಯದು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಗುಡಿಯಲ್ಲಿ ಅದನ್ನು ಪ್ರಸಾದವಾಗಿ ಕೊಡುವ ಪದ್ಧತಿ 2020ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆಯುರ್ವೇದದಲ್ಲಿ ಇದರ ಹೆಸರು ವಿಜಯಾ. ಹದಿನಾರನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶ ಇದರ ಗುಣಗಳನ್ನು ಹೇಳುವಾಗ ಹಸಿವನ್ನು ಹೆಚ್ಚಿಸುತ್ತದೆ ಎಂಬುದರ ಜೊತೆಗೆ ಮಾತನ್ನೂ ಹೆಚ್ಚಿಸುತ್ತದೆ ಎನ್ನುತ್ತದೆ. ಗಾಂಜಾ ಉಗ್ಗಿಗೆ ಮದ್ದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು. ಆದರೆ ಅದೇ ಸಾಲಿನಲ್ಲಿ, ಅದೇ ಉಸಿರಿನಲ್ಲಿ, ಆ ಗ್ರಂಥ ಮೋಹ ಮತ್ತು ಮದವನ್ನೂ ಹೆಸರಿಸುತ್ತದೆ. ಹೆಚ್ಚು ಮಾತಾಡುವುದು ಬೇರೆ, ಸಲೀಸಾಗಿ ಮಾತಾಡುವುದು ಬೇರೆ. ಉಗ್ಗು ಇರುವವನಿಗೆ ಮಾತಿನ ಕೊರತೆ ಎಂದೂ ಇರಲಿಲ್ಲ. ಮಾತು ನುರಿಯಲೆಂದು ಈ ನಾಡಿನ ತಾಯಂದಿರು ಮಕ್ಕಳ ನಾಲಿಗೆಗೆ ತೇಯ್ದು ಹಚ್ಚುತ್ತ ಬಂದದ್ದು ಬಂಗಿಯನ್ನಲ್ಲ, ಬಜೆಯನ್ನು. ಬಜೆಯಿಂದಲೂ ಉಗ್ಗು ಬಿಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ಆದರೂ ಹಿರಿಯರ ಆಯ್ಕೆ ಯಾವುದಾಗಿತ್ತು ಎಂಬುದನ್ನು ಗಮನಿಸಬೇಕು.

ಗಾಂಜಾ ಮಿದುಳಿನಲ್ಲಿ ಮಾಡುವ ಕೆಲಸ ಏನು? 1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೂಲಂ ಮತ್ತು ಯೆಹಿಯೆಲ್ ಗಾವೊನಿ ಅದರ ಅಮಲು ಬರಿಸುವ ಅಂಶವಾದ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ನಮ್ಮದೇ ಮಿದುಳು ಅಂಥದ್ದೇ ಕೆಲಸ ಮಾಡುವ ವಸ್ತುವೊಂದನ್ನು ತಯಾರಿಸುತ್ತದೆ ಎಂದು 1992ರಲ್ಲಿ ಅದೇ ಮೆಕೂಲಂ ಅವರ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಅದಕ್ಕೆ ಅವರು ಇಟ್ಟ ಹೆಸರು ಆನಂದಮೈಡ್, ಸಂಸ್ಕೃತದ 'ಆನಂದ'ದಿಂದ. ಈ ವಸ್ತು ಅಂಟಿಕೊಳ್ಳುವ ಗ್ರಾಹಿಗಳು ಮಿದುಳಿನಲ್ಲಿ ಬಹಳ ದಟ್ಟವಾಗಿರುವ ಜಾಗಗಳಲ್ಲಿ ಬೇಸಲ್ ಗ್ಯಾಂಗ್ಲಿಯಾವೂ ಒಂದು. ಉಗ್ಗಿನ ಬೇರು ಇರುವಲ್ಲಿಗೇ ಗಾಂಜಾವೂ ಹೋಗಿ ಮುಟ್ಟುತ್ತದೆ. ಆದ್ದರಿಂದ ಪ್ರಶ್ನೆ ಹುಚ್ಚುತನದ್ದೇನಲ್ಲ.

ಮುಟ್ಟುವುದು ನಿಜವಾದರೆ, ಮುಟ್ಟಿ ಏನು ಮಾಡುತ್ತದೆ? ಇಲ್ಲಿ ವಿಜ್ಞಾನ ಎರಡು ದಿಕ್ಕಿಗೆ ಎಳೆಯುತ್ತದೆ. ಉಗ್ಗುವವರ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಚಟುವಟಿಕೆ ಹೆಚ್ಚಿರಬಹುದು ಎಂಬ ವಾದ 1990ರ ದಶಕದಿಂದ ಇದೆ. ಡೋಪಮೈನನ್ನು ತಡೆಯುವ ಔಷಧಗಳು ಕೆಲವರಲ್ಲಿ ಉಗ್ಗನ್ನು ಸ್ವಲ್ಪ ಕಡಿಮೆ ಮಾಡಿರುವುದು ಅದಕ್ಕೆ ಆಧಾರ. ಟಿಎಚ್‌ಸಿ ಸೇವಿಸಿದ ಹೊತ್ತಿನಲ್ಲಿ ಡೋಪಮೈನ್ ತುಸು ಹೆಚ್ಚಾಗುತ್ತದೆ. ಈ ಲೆಕ್ಕದಲ್ಲಿ ಗಾಂಜಾ ಉಗ್ಗನ್ನು ಹೆಚ್ಚಿಸಬೇಕು. ಇನ್ನೊಂದು ಕಡೆ ಟುರೆಟ್ ಎಂಬ ಕಾಯಿಲೆಯಿದೆ. ಅದರಲ್ಲಿ ಕಣ್ಣು ಹೊಡೆಯುವುದು, ಭುಜ ಕುಣಿಸುವುದು, ತಡೆಯಲಾಗದೆ ಶಬ್ದ ಹೊರಡಿಸುವುದು ಇರುತ್ತದೆ. ಇದು ಕೂಡ ಬೇಸಲ್ ಗ್ಯಾಂಗ್ಲಿಯಾಕ್ಕೂ ಡೋಪಮೈನಿಗೂ ಸಂಬಂಧಿಸಿದ್ದೇ. 2023ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 22 ಮಂದಿ ಟುರೆಟ್ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಟಿಎಚ್‌ಸಿ ಮತ್ತು ಗಾಂಜಾದ ಇನ್ನೊಂದು ಅಂಶವಾದ ಸಿಬಿಡಿ ಬೆರೆಸಿದ ಎಣ್ಣೆಯಿಂದ ಈ ಚಲನೆಗಳು ಕಡಿಮೆಯಾದವು. ಈ ಲೆಕ್ಕದಲ್ಲಿ ಗಾಂಜಾ ಉಗ್ಗಿಗೂ ಒಳ್ಳೆಯದು ಮಾಡಬೇಕು. ಎರಡು ಲೆಕ್ಕಗಳು ಎದುರುಬದುರು ನಿಂತಾಗ ತೀರ್ಪು ಕೊಡಬೇಕಾದದ್ದು ನೇರ ಪ್ರಯೋಗ. ಉಗ್ಗು ಇರುವವರಿಗೆ ಗಾಂಜಾ ಕೊಟ್ಟು, ಅರ್ಧ ಜನಕ್ಕೆ ಹುಸಿಮಾತ್ರೆ ಕೊಟ್ಟು, ಮಾತನ್ನು ಅಳೆದ ದೊಡ್ಡ ಪ್ರಯೋಗ ಇನ್ನೂ ನಡೆದಿಲ್ಲ. ಟುರೆಟ್‌ನ ಫಲಿತಾಂಶವನ್ನು ಎತ್ತಿ ಉಗ್ಗಿನ ಮೇಲೆ ಇಡುವುದು ಪಕ್ಕದ ಮನೆಯವರ ಔಷಧಿ ಚೀಟಿ ನಮ್ಮ ಮನೆಗೆ ತಂದಂತೆ.

ಆದರೂ 'ನನಗೆ ಕೆಲಸ ಮಾಡಿತು' ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಆದದ್ದೇನು ಎಂಬುದನ್ನು ಅರ್ಥಮಾಡಿಕೊಳ್ಳಲು ಮೂರು ಪ್ರಯೋಗಗಳನ್ನು ನೋಡಬೇಕು. ಮೂರೂ ಹೆದರಿಕೆಗೆ ಸಂಬಂಧಿಸಿದವು.

ಮೊದಲನೆಯದು ಬ್ರೆಜಿಲ್ ದೇಶದ್ದು, 2011ರಲ್ಲಿ ಪ್ರಕಟವಾದದ್ದು. ಜನರ ಮುಂದೆ ಮಾತಾಡಲು ತೀವ್ರವಾಗಿ ಹೆದರುವ 24 ಮಂದಿಯನ್ನು ಆರಿಸಿಕೊಂಡರು. ಅರ್ಧದಷ್ಟು ಜನಕ್ಕೆ 600 ಮಿಲಿಗ್ರಾಂ ಸಿಬಿಡಿ, ಉಳಿದರ್ಧಕ್ಕೆ ಹುಸಿಮಾತ್ರೆ. ಆಮೇಲೆ ಕ್ಯಾಮೆರಾ ಮುಂದೆ ಭಾಷಣ. ಸಿಬಿಡಿ ತೆಗೆದುಕೊಂಡವರ ಆತಂಕ ಎದ್ದು ಕಾಣುವಷ್ಟು ಕಡಿಮೆಯಿತ್ತು. ಗಾಂಜಾ ಪರ ವಾದಿಸುವವರು ಇದನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ. ಹೇಳದೆ ಬಿಡುವುದು ಒಂದೇ. ಸಿಬಿಡಿ ಅಮಲು ಬರಿಸುವ ಅಂಶವಲ್ಲ. ಬೀದಿಯಲ್ಲಿ ಸಿಗುವ ಗಾಂಜಾದಲ್ಲಿ ಸಿಬಿಡಿ ಅತ್ಯಲ್ಪ, ಟಿಎಚ್‌ಸಿಯೇ ಪ್ರಧಾನ. ಒಂದು ಬೀಡಿಯಷ್ಟು ಗಾಂಜಾ ಸೇದಿ 600 ಮಿಲಿಗ್ರಾಂ ಸಿಬಿಡಿ ಪಡೆಯಲು ಸಾಧ್ಯವೇ ಇಲ್ಲ.

ಎರಡನೆಯದು ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದು 2017ರಲ್ಲಿ ಪ್ರಕಟವಾದದ್ದು. ಇಲ್ಲಿ ಕೊಟ್ಟದ್ದು ಟಿಎಚ್‌ಸಿಯನ್ನೇ, ಭಾಗವಹಿಸಿದವರು 42 ಮಂದಿ. ಒತ್ತಡ ಹುಟ್ಟಿಸಲು ಅವರಿಂದ ಮೌಖಿಕ ಸಂದರ್ಶನ ಮಾಡಿಸಿದರು, ಲೆಕ್ಕ ಬಾಯಲ್ಲಿ ಮಾಡಿಸಿದರು. 7.5 ಮಿಲಿಗ್ರಾಂ ತೆಗೆದುಕೊಂಡವರಿಗೆ ಆತಂಕ ಕಡಿಮೆಯಾಯಿತು. 12.5 ಮಿಲಿಗ್ರಾಂ ತೆಗೆದುಕೊಂಡವರಿಗೆ ಆತಂಕ ಹೆಚ್ಚಿತು, ಮಾತಾಡುವ ಮುಂಚೆಯೂ, ಮಾತಾಡುವಾಗಲೂ. ಅವರು ಸಂದರ್ಶನದಲ್ಲಿ ಮಾತಾಡುತ್ತ ಹೆಚ್ಚು ಕಡೆ ನಿಂತುಬಿಟ್ಟರು. ಸಮಾಧಾನಕ್ಕೂ ದಿಗಿಲಿಗೂ ನಡುವೆ ಇದ್ದ ಅಂತರ ಐದು ಮಿಲಿಗ್ರಾಂ. ಕಾಗದದಲ್ಲಿ ಸುತ್ತಿದ ಗಾಂಜಾವನ್ನು ಯಾರೂ ಮಿಲಿಗ್ರಾಂ ಲೆಕ್ಕದಲ್ಲಿ ತೂಗುವುದಿಲ್ಲ. ಅದರ ಬಲವೂ ಹಿಂದಿನಂತಿಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4ರಷ್ಟಿತ್ತು, 2014ರ ಹೊತ್ತಿಗೆ ಸುಮಾರು ಶೇ 12ಕ್ಕೆ ಏರಿತ್ತು. ಕೊಡಗಿನಲ್ಲೂ ಕಾಫಿ ತೋಟದ ನಡುವೆ ಕದ್ದು ಬೆಳೆದ ಗಿಡಗಳ ಕಾಲ ಬದಲಾಗಿದೆ. 2024ರಲ್ಲಿ ಕೊಡಗು ಪೊಲೀಸರು ಹಿಡಿದದ್ದು ಬ್ಯಾಂಕಾಕ್‌ನಿಂದ ಬಂದ ಹೈಡ್ರೋ ಗಾಂಜಾವನ್ನು. ಅದು ಮಣ್ಣಿಲ್ಲದೆ, ಕೃತಕ ಬೆಳಕಿನಲ್ಲಿ, ಟಿಎಚ್‌ಸಿ ಹೆಚ್ಚಿಸಲೆಂದೇ ಬೆಳೆಸಿದ ತಳಿ.

ಮೂರನೆಯ ಪ್ರಯೋಗದಲ್ಲಿ ಗಾಂಜಾ ಇಲ್ಲವೇ ಇಲ್ಲ. ಆದರೆ ಈ ಪ್ರಶ್ನೆಯ ಗಂಟು ಬಿಚ್ಚುವುದು ಅದೇ. ಸಿಡ್ನಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವದು. ಉಗ್ಗು ಇರುವ 30 ವಯಸ್ಕರಲ್ಲಿ ಕೆಲವರಿಗೆ ಬರೀ ಮಾತಿನ ತರಬೇತಿ, ಇನ್ನು ಕೆಲವರಿಗೆ ಅದರ ಜೊತೆ ಹೆದರಿಕೆಯನ್ನು ನಿಭಾಯಿಸುವ ಮನೋಚಿಕಿತ್ಸೆ ಕೊಟ್ಟರು. ವರ್ಷದ ನಂತರ ನೋಡಿದರೆ ಮನೋಚಿಕಿತ್ಸೆ ಪಡೆದವರಲ್ಲಿ ಒಬ್ಬರಿಗೂ ಸಾಮಾಜಿಕ ಭೀತಿ ಎನ್ನುವಷ್ಟು ಹೆದರಿಕೆ ಉಳಿದಿರಲಿಲ್ಲ. ಮೊದಲು ತಪ್ಪಿಸಿಕೊಳ್ಳುತ್ತಿದ್ದ ಸಂದರ್ಭಗಳಿಂದ ಅವರು ಅಷ್ಟಾಗಿ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದರೆ ಅವರ ಉಗ್ಗು ಉಳಿದವರಿಗಿಂತ ಕಡಿಮೆಯಾಗಿರಲಿಲ್ಲ. ಹೆದರಿಕೆ ಹೋದದ್ದರಿಂದ ಉಗ್ಗು ಇನ್ನಷ್ಟು ಇಳಿಯಲಿಲ್ಲ.

ಹಾಗಾದರೆ ದಮ್ ಎಳೆದವನ ಅನುಭವದ ಅರ್ಥ ಬಹುಶಃ ಇದು: ಉಗ್ಗುತ್ತಿದ್ದಾನೆ, ಆದರೆ ಉಗ್ಗಿದ್ದು ಅವನನ್ನು ಚುಚ್ಚುತ್ತಿಲ್ಲ. ತನ್ನ ಮಾತನ್ನು ತಾನೇ ಅಳೆಯುವ ಶಕ್ತಿಯನ್ನೇ ಗಾಂಜಾ ಮಂಕು ಮಾಡಿರುವಾಗ, 'ಸಲೀಸಾಗಿ ಮಾತಾಡಿದೆ' ಎಂಬ ಅವನ ಸಾಕ್ಷಿಯನ್ನು ಅವನೂ ಪೂರ್ತಿ ನಂಬುವಂತಿಲ್ಲ. ಕೇಳಿಸಿಕೊಂಡ ಗೆಳೆಯನೂ ಅದೇ ಹೊಗೆಯಲ್ಲಿದ್ದರೆ ಆ ಸಾಕ್ಷಿಗೂ ಬೆಲೆ ಕಡಿಮೆ.

ಇದರ ಜೊತೆಗೆ ಉಗ್ಗಿನದೇ ಒಂದು ಸ್ವಭಾವವಿದೆ. ಅದು ಒಂದೇ ಹದದಲ್ಲಿ ಇರುವುದಿಲ್ಲ. ಹಾಡುವಾಗ ಮಾಯವಾಗುತ್ತದೆ. ನಾಲ್ಕು ಜನರೊಡನೆ ಸೇರಿ ಭಜನೆ ಮಾಡುವಾಗ, ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಓದುವಾಗ, ಮನೆಯ ನಾಯಿಯೊಡನೆ ಮಾತಾಡುವಾಗ, ಪಿಸುಗುಟ್ಟುವಾಗ ಬಹುಮಂದಿಗೆ ಉಗ್ಗು ಕಾಣುವುದೇ ಇಲ್ಲ. ಸೋಮವಾರ ಹಗುರವಾಗಿದ್ದದ್ದು ಬುಧವಾರ ಬಂಡೆಯಾಗುತ್ತದೆ. ಅತಿ ಕೆಟ್ಟ ದಿನದಲ್ಲಿ ಜನ ಹೊಸ ಮದ್ದು ಹುಡುಕುತ್ತಾರೆ, ಮರುದಿನ ಹೇಗೂ ಸ್ವಲ್ಪ ಹಗುರಾಗುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಪ್ಯಾಗೋಕ್ಲೋನ್ ಎಂಬ ಮಾತ್ರೆಗೂ ಹೀಗೇ ಆಯಿತು. 2010ರಲ್ಲಿ ಪ್ರಕಟವಾದ ಮೊದಲ ಪ್ರಯೋಗ ಭರವಸೆ ಹುಟ್ಟಿಸಿತು, ಅದಕ್ಕಿಂತ ದೊಡ್ಡ ಪ್ರಯೋಗದಲ್ಲಿ ಅದು ಹುಸಿಮಾತ್ರೆಗಿಂತ ಮೇಲೆಂದು ಸಾಬೀತಾಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಉಗ್ಗಿಗೆಂದು ಒಂದೇ ಒಂದು ಔಷಧಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಕಂಪನಿಗಳು ಕೋಟಿಗಟ್ಟಲೆ ಸುರಿದು ಅಳೆದು ನೋಡಿದ ಮಾತ್ರೆಗಳೇ ಸೋತಿರುವಾಗ, ಅಳತೆಯೇ ಇಲ್ಲದ ಹೊಗೆಯನ್ನು ಮದ್ದೆಂದು ಕರೆಯುವುದು ಸಲ್ಲದು.

ಕಳೆದುಕೊಳ್ಳುವುದೇನು ಎಂಬುದಕ್ಕೆ ಮಾತ್ರ ಪುರಾವೆ ಸಾಕಷ್ಟಿದೆ. ಗಾಂಜಾ ಮುಟ್ಟಿದವರಲ್ಲಿ ನೂರಕ್ಕೆ ಒಂಬತ್ತರಷ್ಟು ಜನ ಅದಕ್ಕೆ ದಾಸರಾಗುತ್ತಾರೆ. ಹದಿಹರೆಯದಲ್ಲೇ ಶುರುಮಾಡಿದವರಲ್ಲಿ ಈ ಪ್ರಮಾಣ ಆರಕ್ಕೆ ಒಬ್ಬರಷ್ಟಾಗುತ್ತದೆ. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಆರು ಪಟ್ಟು ಹೆಚ್ಚು ಕಂಡುಬಂತು. ಉಗ್ಗು ಇರುವವರಿಗೆ ಇಲ್ಲಿ ಇನ್ನೊಂದು ಅಪಾಯವಿದೆ. ಜನರ ಮುಂದೆ ಹೆದರುವ ಸ್ವಭಾವದವರು ಗಾಂಜಾ ಹಿಡಿದರೆ ಉಳಿದವರಿಗಿಂತ ಸುಲಭವಾಗಿ ಅದಕ್ಕೆ ಅಂಟಿಕೊಳ್ಳುತ್ತಾರೆ. ಅದು ಅವರಿಗೆ ಮೋಜಲ್ಲ, ಊರುಗೋಲು. ಮದುವೆಗೆ ಹೋಗುವ ಮುಂಚೆ ಒಂದು, ಸಂದರ್ಶನಕ್ಕೆ ಮುಂಚೆ ಒಂದು, ಆಮೇಲೆ ಫೋನ್ ಎತ್ತುವ ಮುಂಚೆಯೂ ಒಂದು. ಊರುಗೋಲು ಮನೆಯಲ್ಲಿ ಮರೆತ ದಿನ ಬಾಯಿ ತೆರೆಯುವುದೇ ಇಲ್ಲ.

ಕಾನೂನಿನ ಮಾತೂ ಇದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಿಡದ ಹೂಗೊಂಚಲು ಗಾಂಜಾ, ಅಂಟು ಚರಸ್. ಎರಡೂ ಅಪರಾಧ. ಒಂದು ಕಿಲೋವರೆಗಿನ ಗಾಂಜಾ 'ಅಲ್ಪ ಪ್ರಮಾಣ', ಅದಕ್ಕೂ ಒಂದು ವರ್ಷದವರೆಗೆ ಜೈಲಾಗಬಹುದು. ಬರೀ ಎಲೆಯ ಬಂಗಿ ಈ ಕಾಯ್ದೆಗೆ ಬರುವುದಿಲ್ಲ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಆದೇಶವೊಂದರಲ್ಲಿ ಹೇಳಿದೆ. ವಿಜಯಾ ಇರುವ ಆಯುರ್ವೇದ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಷ್ಟೇ ಕೊಡಬೇಕು. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಎಂಬ ಕಲಮೂ ಅದೇ ಕಾಯ್ದೆಯಲ್ಲಿದೆ. ಅದು ತಿಳಿಯದೆ ಹೆದರಿ ಆಸ್ಪತ್ರೆಗೆ ಹೋಗದವರು ಇದ್ದಾರೆ.

ಇಷ್ಟೆಲ್ಲ ಹೇಳಿ 'ಸೇದಬೇಡ' ಎಂದು ಸುಮ್ಮನಾದರೆ ಆ ಹುಡುಗನಿಗೆ ಏನೂ ಕೊಟ್ಟಂತಾಗುವುದಿಲ್ಲ. ಅವನು ಮತ್ತೆ ಬಸ್ಸಿನಲ್ಲಿ ಕೂತು ವಿರಾಜಪೇಟೆಗೇ ಟಿಕೆಟ್ ಕೇಳಬೇಕಾಗುತ್ತದೆ. ಅವನಿಗೆ ನಿಜವಾಗಿ ನೆರವಾಗುವುದು ಮೂರ್ನಾಡಿನಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಮರುವರ್ಷ ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರು ಆಗಿನ ರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್. ಜನರ ಬಾಯಲ್ಲಿ ಅದು 'ಆಯಿಷ್'. ಮಾತು ಮತ್ತು ಕಿವಿಯ ತೊಂದರೆಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ಕನ್ನಡ ಮಾತಾಡುವವರ ಉಗ್ಗನ್ನು ಕನ್ನಡದಲ್ಲೇ ಅಧ್ಯಯನ ಮಾಡಿ, ಕನ್ನಡದಲ್ಲೇ ಚಿಕಿತ್ಸೆ ಕೊಡುವ ತಜ್ಞರ ತಲೆಮಾರುಗಳು ಅಲ್ಲಿಂದ ಹೊರಬಂದಿವೆ. ಇಂಥ ಸಂಸ್ಥೆ ಪಕ್ಕದ ಜಿಲ್ಲೆಯಲ್ಲೇ ಇರುವುದು ಕೊಡಗಿನವರ ಭಾಗ್ಯ. ದೇಶದ ಬೇರೆ ಮೂಲೆಗಳಿಂದ ಜನ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ.

ಅಲ್ಲಿ ಕಲಿಸುವುದರಲ್ಲಿ ಮಂತ್ರವಿಲ್ಲ. ಉಸಿರನ್ನು ಮೊದಲು ಬಿಡಲು ಶುರುಮಾಡಬೇಕು, ದನಿ ಅದರ ಮೇಲೆ ಏರಬೇಕು. 'ಮ' ಬಂದಾಗ ತುಟಿಗಳು ಒತ್ತಿಕೊಳ್ಳಬಾರದು, ಹೂವಿನ ಎಸಳು ಮುಟ್ಟಿದಂತೆ ಹಗುರವಾಗಿ ತಾಗಿ ಬಿಡಬೇಕು. ಮೊದಲ ಸ್ವರವನ್ನು ಎಳೆಯಬೇಕು. 'ಮೂರ್ನಾಡು' ಎಂಬ ಪದದಲ್ಲಿ ಮೊದಲ ಸ್ವರ ಹೇಗೂ ದೀರ್ಘ. ಆ 'ಊ' ಮೇಲೆ ತುಸು ಹೆಚ್ಚು ಹೊತ್ತು ಕೂತರೆ ಉಳಿದದ್ದು ಅದರ ಬೆನ್ನಿಗೇ ಬರುತ್ತದೆ. ಮೊದಲು ಕೋಣೆಯಲ್ಲಿ ಚಿಕಿತ್ಸಕರೊಡನೆ, ಆಮೇಲೆ ಫೋನಿನಲ್ಲಿ, ಆಮೇಲೆ ಅಂಗಡಿಯಲ್ಲಿ, ಕೊನೆಗೆ ಬಸ್ಸಿನಲ್ಲಿ ಇದನ್ನು ಅಭ್ಯಾಸ ಮಾಡುತ್ತಾರೆ. ಇನ್ನೊಂದು ದಾರಿಯೂ ಇದೆ. ಅದನ್ನು ಬೆಳೆಸಿದವರು ಸ್ವತಃ ಉಗ್ಗು ಇದ್ದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್. ಉಗ್ಗಬೇಡ ಎಂದು ಹೋರಾಡುವುದರಿಂದಲೇ ಬಾಯಿ ಬಿಗಿಯುತ್ತದೆ, ಆದ್ದರಿಂದ ಹಗುರವಾಗಿ, ನಾಚದೆ ಉಗ್ಗಲು ಕಲಿ ಎಂದರು ಅವರು. ಬೇಕೆಂದೇ 'ಮೂ-ಮೂ-ಮೂರ್ನಾಡು' ಎಂದು ಜನರೆದುರು ಹೇಳಿಸುವ ಅಭ್ಯಾಸ ಇಂದಿಗೂ ಚಿಕಿತ್ಸೆಯಲ್ಲಿದೆ. ಮೊದಲ ಸಲ ಹಾಗೆ ಹೇಳುವುದು ಸಾವಿನಷ್ಟು ಕಷ್ಟ. ಹತ್ತನೆಯ ಸಲಕ್ಕೆ ಹೆದರಿಕೆಯ ಬೇರು ಸಡಿಲಾಗಿರುತ್ತದೆ.

ಚಿಕಿತ್ಸೆ ಬೇಗ ಆರಂಭವಾದಷ್ಟೂ ಒಳ್ಳೆಯದು. ಆಸ್ಟ್ರೇಲಿಯಾದಲ್ಲಿ ಬೆಳೆದ ಲಿಡ್‌ಕೂಂಬ್ ಎಂಬ ವಿಧಾನದಲ್ಲಿ ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಚಿಕಿತ್ಸೆ ಕೊಡುವವರು ತಾಯಿ ತಂದೆಯರೇ. ಮಗು ಸಲೀಸಾಗಿ ಮಾತಾಡಿದಾಗ ಮೆಚ್ಚುವುದು, ಎಷ್ಟೋ ಸಲ ಮೆಚ್ಚಿದ ಮೇಲೆ ಒಮ್ಮೆ ಮೆಲ್ಲಗೆ ತಿದ್ದುವುದು, ಇಷ್ಟೇ, ತಜ್ಞರ ಮಾರ್ಗದರ್ಶನದಲ್ಲಿ. 2005ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಪ್ರಯೋಗದಲ್ಲಿ ಈ ಚಿಕಿತ್ಸೆ ಪಡೆದ ಮಕ್ಕಳ ಉಗ್ಗು ಶೇ 77ರಷ್ಟು ಇಳಿಯಿತು, ಚಿಕಿತ್ಸೆ ಇಲ್ಲದ ಮಕ್ಕಳಲ್ಲಿ ಶೇ 43ರಷ್ಟು. ತಾನಾಗಿ ಬಿಡುವ ಮಕ್ಕಳೂ ಇದ್ದಾರೆ, ಆದರೆ ಯಾವ ಮಗುವಿಗೆ ತಾನಾಗಿ ಬಿಡುತ್ತದೆ ಎಂದು ಮನೆಯವರು ಮೊದಲೇ ಹೇಳಲಾರರು. ಉಗ್ಗು ಶುರುವಾಗಿ ಆರು ತಿಂಗಳು ಕಳೆದರೆ, ಮಗು ಕಣ್ಣು ಮುಚ್ಚಿ ಕತ್ತು ಬಿಗಿದು ಪದ ತಳ್ಳುತ್ತಿದ್ದರೆ, ವಂಶದಲ್ಲಿ ದೊಡ್ಡವರಿಗೆ ಉಗ್ಗು ಉಳಿದಿದ್ದರೆ ಕಾಯದೆ ತಜ್ಞರ ಬಳಿ ಹೋಗಬೇಕು. 'ನಿಧಾನ ಮಾತಾಡು', 'ಯೋಚಿಸಿ ಮಾತಾಡು' ಎನ್ನುವುದನ್ನು ಅಂದಿನಿಂದಲೇ ಬಿಡಬೇಕು. ಮಗುವಿಗೆ ಹೇಳುವ ಬದಲು ದೊಡ್ಡವರೇ ನಿಧಾನವಾಗಿ ಮಾತಾಡಿದರೆ ಆ ಮನೆಯ ಮಾತಿನ ವೇಗವೇ ಇಳಿಯುತ್ತದೆ.

ದೊಡ್ಡವರಿಗೆ ಜೊತೆಗಾರರೂ ಬೇಕು. 2008ರಲ್ಲಿ ಶುರುವಾದ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಉಗ್ಗು ಇರುವವರೇ ಕಟ್ಟಿಕೊಂಡ ಸಂಘಟನೆ. ಅವರ ಗುಂಪುಗಳು ವಾರಾಂತ್ಯಗಳಲ್ಲಿ ಸೇರುತ್ತವೆ, ದೂರದವರು ಫೋನಿನಲ್ಲೂ ವಿಡಿಯೋದಲ್ಲೂ ಸೇರುತ್ತಾರೆ. ಅಲ್ಲಿ ಒಬ್ಬ ತನ್ನ ಹೆಸರು ಹೇಳಲು ಅರ್ಧ ನಿಮಿಷ ತೆಗೆದುಕೊಂಡರೆ ಉಳಿದವರು ಅರ್ಧ ನಿಮಿಷ ಕಾಯುತ್ತಾರೆ. ಗಾಂಜಾ ಸೇದಿದವನು ಹುಡುಕುತ್ತಿದ್ದದ್ದು ಇದನ್ನೇ, ಉಗ್ಗಿದರೂ ಯಾರೂ ಮುಖ ತಿರುಗಿಸದ ಒಂದು ಜಾಗವನ್ನು.

ಈಗಾಗಲೇ ಗಾಂಜಾಕ್ಕೆ ಅಂಟಿಕೊಂಡವರು ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸಲೆಂದೇ ಪ್ರತ್ಯೇಕ ಕೇಂದ್ರವಿದೆ. ಅಲ್ಲಿ ಹೇಳಲು ಮರೆಯಬಾರದ ಒಂದು ಮಾತು ಉಗ್ಗಿನದು. ನಾಚಿಕೆಯಿಂದ ಅದನ್ನು ಮುಚ್ಚಿಟ್ಟು ಬರೀ ಚಟದ ಬಗ್ಗೆ ಹೇಳಿದರೆ ಬೇರು ಹಾಗೇ ಉಳಿಯುತ್ತದೆ. ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಉಗ್ಗು ಶುರುವಾದರೆ ಅದು ಬೇರೆ ವಿಷಯ. ಪಾರ್ಶ್ವವಾಯು, ತಲೆಪೆಟ್ಟು, ಕೆಲವು ಔಷಧಗಳು ಅದಕ್ಕೆ ಕಾರಣವಾಗಬಹುದು, ಆಗ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಇನ್ನು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿರುವವರಿಗೂ ಕಂಡಕ್ಟರಿಗೂ ಒಂದು ಕೋರಿಕೆ. ಒಬ್ಬ ಹುಡುಗ 'ಮೂ' ಎಂದು ನಿಂತಾಗ 'ಮೂರ್ನಾಡಾ?' ಎಂದು ಪದ ಮುಗಿಸಿಕೊಡಬೇಡಿ. ಅವನ ಮುಖವನ್ನೇ ನೋಡುತ್ತ, ಸಹಜವಾಗಿ, ನಾಲ್ಕು ಸೆಕೆಂಡು ಕಾಯಿರಿ. ನೆರವು ಬೇಕಾದವರಿಗೆ ಎರಡು ಸಂಖ್ಯೆಗಳಿವೆ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ದುಡ್ಡು ಬೇಕಿಲ್ಲ. ಟೆಲಿಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಉಗ್ಗುತ್ತಲೇ ಮಾತಾಡಬಹುದು.